ಕೋಣೆಯ ಸದ್ದು

ಆಫೀಸಿನಲ್ಲಿ ಎಲ್ಲರೂ ಅವಳನ್ನು ಕತ್ತರಿ ಎಂದೇ ಕರೆಯುತ್ತಿದ್ದರು. ಫಿಲ್ಮನ್ನು ನಿಜವಾಗಿ ಕತ್ತರಿಸುತ್ತಿದ್ದ ಕಾಲವನ್ನು ಅವಳು ಕಂಡವಳೇ ಅಲ್ಲ. ಅವಳ ಆಸ್ತಿಯೆಲ್ಲ ಎರಡು ಪರದೆ, ಒಂದು ಕೀಬೋರ್ಡು, ಬೆನ್ನುನೋವಿಗೆಂದು ಕುರ್ಚಿಗೆ ಕಟ್ಟಿಕೊಂಡ ಒಂದು ದಿಂಬು. ಆದರೂ ಹೆಸರು ಅಂಟಿಕೊಂಡಿತು, ಅವಳಿಗೂ ಒಳಗೊಳಗೇ ಹಿಡಿಸಿತು. ಅವಳ ಕಂಪನಿ ರಹಸ್ಯಗಳ ಸಾಕ್ಷ್ಯಚಿತ್ರ ಮಾಡುತ್ತಿತ್ತು. ಕಾಣೆಯಾದ ಹಡಗು, ಒಳಗಿನಿಂದ ಚಿಲಕ ಹಾಕಿದ ಮನೆಯಲ್ಲಿ ಸತ್ತ ಡಾಕ್ಟರು, ಯಾರೂ ಇಳಿಯದ ನೆಲಮಾಳಿಗೆ, ಹೀಗೆ ಜನ ತಟ್ಟೆಯಲ್ಲಿ ಕೈಯಿಟ್ಟುಕೊಂಡು ಉಣ್ಣುವುದನ್ನೇ ಮರೆತು ನೋಡುವಂಥವು. ನಿರ್ದೇಶಕನಿಗೆ ಬೆನ್ನ ಹಿಂದೆ ಗುಟ್ಟಪ್ಪ ಎಂದು ಹೆಸರು. ಒಂದು ಲೋಟ ಚಹಾ ಬೇಕು ಎನ್ನುವುದನ್ನೂ ಅವನು ಪಿಸುದನಿಯಲ್ಲೇ ಹೇಳುತ್ತಿದ್ದ.

ಇದ್ದದ್ದನ್ನು ಇದ್ದ ಹಾಗೆ ಹೇಳುವುದಾದರೆ, ಆ ರಹಸ್ಯಗಳಲ್ಲಿ ಬಹುಪಾಲಿನಲ್ಲಿ ರಹಸ್ಯವೇ ಇರುತ್ತಿರಲಿಲ್ಲ. ಹಡಗು ಮುಳುಗಿರುತ್ತಿತ್ತು. ಡಾಕ್ಟರಿಗೆ ಎದೆನೋವು ಬಂದಿರುತ್ತಿತ್ತು. ನೆಲಮಾಳಿಗೆಯಲ್ಲಿ ಮುರಿದ ಕುರ್ಚಿ ಪೇರಿಸಿರುತ್ತಿದ್ದರು. ಇಲ್ಲದ್ದನ್ನು ಇದೆ ಎನಿಸುವುದೇ ಸಂಕಲನ ಮಾಡುವವರ ಕೆಲಸ, ಅದರಲ್ಲಿ ಕತ್ತರಿಯದು ಎತ್ತಿದ ಕೈ.

ಅವಳ ಕೈಚಳಕವೆಲ್ಲ ಇದ್ದದ್ದು ಒಂದು ಸಣ್ಣ ವಿಷಯದಲ್ಲಿ. ಯಾರದೇ ಮನೆಯಲ್ಲಿ ಚಿತ್ರೀಕರಣ ನಡೆದರೂ ಪ್ರಶ್ನೆ ಶುರುವಾಗುವ ಮೊದಲು ಧ್ವನಿಮುದ್ರಣದವನು, ಅವನಿಗೆ ಎಲ್ಲರೂ ಸದ್ದಣ್ಣ ಎನ್ನುತ್ತಿದ್ದರು, ಫ್ಯಾನು ಫ್ರಿಜ್ಜು ಆರಿಸಿ ಎಲ್ಲರನ್ನೂ ಅರ್ಧ ನಿಮಿಷ ಸುಮ್ಮನೆ ಕೂರಿಸುತ್ತಿದ್ದ. ಖಾಲಿ ಕೋಣೆಗೂ ತನ್ನದೇ ಸದ್ದಿರುತ್ತದೆ. ಆಮೇಲೆ ಮಾತನ್ನು ಕತ್ತರಿಸಿ ಜೋಡಿಸಿದ ಕಡೆ ಆ ಸದ್ದಿನ ತೇಪೆ ಹಾಕದಿದ್ದರೆ ಕೇಳುವವರ ಕಿವಿ ಮುಗ್ಗರಿಸುತ್ತದೆ. ಅವರ ಕಸುಬಿನಲ್ಲಿ ಅದಕ್ಕೆ ಕೋಣೆಯ ಸದ್ದು ಎನ್ನುತ್ತಾರೆ. ಆ ಅರ್ಧ ನಿಮಿಷ ಕ್ಯಾಮೆರಾ ಆರಿಸುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ, ಅದರ ಪಾಡಿಗೆ ಅದು ಓಡುತ್ತಿತ್ತು. ಸುಮ್ಮನಿರು ಎಂದು ಹೇಳಿಸಿಕೊಂಡ ಮನುಷ್ಯ ಎಷ್ಟೇ ಸಾಚಾ ಆಗಿದ್ದರೂ ಕಳ್ಳನಂತೆ ಕಾಣುತ್ತಾನೆ. ಕಣ್ಣು ಎಲ್ಲಿಡಬೇಕೋ ಗೊತ್ತಾಗುವುದಿಲ್ಲ. ಎಂಜಲು ನುಂಗುತ್ತಾನೆ, ಮೊಣಕಾಲು ಸವರಿಕೊಳ್ಳುತ್ತಾನೆ. ಆ ಮುಖವನ್ನು ಎತ್ತಿ ತಂದು ಪ್ರಶ್ನೆಗೂ ಉತ್ತರಕ್ಕೂ ನಡುವೆ ಇಟ್ಟರೆ ಏನಾಗುತ್ತದೆ ಎಂಬುದನ್ನು ಕತ್ತರಿ ವರ್ಷಗಳ ಹಿಂದೆಯೇ ಕಂಡುಕೊಂಡಿದ್ದಳು. ಆಸ್ಪತ್ರೆಯ ನರ್ಸಿಗೆ ಹಾಗೆ ಮಾಡಿದ್ದಳು, ಗೋದಾಮಿನ ಕಾವಲುಗಾರನಿಗೆ ಮಾಡಿದ್ದಳು, ಆ ಡಾಕ್ಟರ ಹೆಂಡತಿಗೂ ಮಾಡಿದ್ದಳು. ಗುಟ್ಟಪ್ಪ ಬೆನ್ನು ತಟ್ಟಿದ್ದ. ಆ ಜನರೆಲ್ಲ ಆಮೇಲೆ ಏನಾದರು ಎಂದು ಅವಳು ತಲೆ ಕೆಡಿಸಿಕೊಂಡವಳಲ್ಲ.

ಹೀಗಿರುವಾಗ ಗುಬ್ಬಿಯ ಸರದಿ ಬಂತು.

ಗುಬ್ಬಿ ಕತ್ತರಿಯ ಅಕ್ಕನ ಮಗಳು, ಒಬ್ಬಳೇ ಮಗಳು. ಏಳು ವರ್ಷದ ಹಿಂದೆ ಒಂದು ಬೆಳಿಗ್ಗೆ ಅಪ್ಪನ ಸ್ಕೂಟರಿನ ಹಿಂದೆ ಕೂತು ಬಸ್ ನಿಲ್ದಾಣಕ್ಕೆ ಹೋದಳು. ಅಪ್ಪ ಇಳಿಸಿ ಕೆಲಸಕ್ಕೆ ಹೋದರು. ಗುಬ್ಬಿ ಕಾಲೇಜಿಗೂ ಹೋಗಲಿಲ್ಲ, ಮನೆಗೂ ಬರಲಿಲ್ಲ. ಕತೆ ಇಷ್ಟೇ, ಇದರ ಮುಂದಕ್ಕೆ ಒಂದು ಅಕ್ಷರವೂ ಇಲ್ಲ. ಪೊಲೀಸರು ಹುಡುಕಿ ಕೈಚೆಲ್ಲಿದರು. ಅಕ್ಕ ಅಂದಿನಿಂದ ಮುಂಬಾಗಿಲಿನ ಬೀಗ ಬದಲಿಸಲು ಬಿಟ್ಟಿಲ್ಲ, ಫೋನ್ ನಂಬರು ಬದಲಿಸಲು ಬಿಟ್ಟಿಲ್ಲ. ಗುಬ್ಬಿಯ ಹತ್ತಿರ ಆ ಬೀಗದ ಕೀಲಿಕೈ ಇದೆಯಲ್ಲ!

ಭಾವ ಲಿಫ್ಟ್ ಮೆಕ್ಯಾನಿಕ್. ಮಾತು ಬಹಳ ಕಡಿಮೆ. ಇವರ ಬಾಯಿಂದ ಮಾತು ಬರಬೇಕಾದರೆ ಲಿಫ್ಟಿನ ಹಾಗೆ ಗುಂಡಿ ಒತ್ತಿ ಕಾಯಬೇಕು ಎಂದು ಅಕ್ಕ ಹೇಳಿ ನಗುತ್ತಿದ್ದ ಕಾಲವೊಂದಿತ್ತು. ಲಿಫ್ಟು ಓಡಾಡುವ ಬಾವಿಯ ತಳಕ್ಕೆ ಇಳಿದಾಗಲೆಲ್ಲ ಭಾವನಿಗೆ ಏನಾದರೂ ಸಿಗುತ್ತಿತ್ತು. ಜನ ಒಳಗೆ ಕಾಲಿಡುವಾಗ ಬಾಗಿಲ ಸಂದಿಯಲ್ಲಿ ಬೀಳಿಸಿಕೊಂಡ ಕಿವಿಯೋಲೆ, ಬಾಚಣಿಗೆ, ಎಲ್ಲಕ್ಕಿಂತ ಹೆಚ್ಚಾಗಿ ಕೀಲಿಕೈ. ಕಟ್ಟಡವೆಲ್ಲ ವಿಚಾರಿಸಿದರೂ ವಾರಸುದಾರರು ಸಿಗದ ಕೀಲಿಗಳನ್ನು ಮನೆಗೆ ತಂದು ಹಲಗೆಯೊಂದಕ್ಕೆ ಮೊಳೆ ಹೊಡೆದು ತೂಗುಹಾಕುತ್ತಿದ್ದರು. ಚಿಕ್ಕವಳಿದ್ದಾಗ ಗುಬ್ಬಿ ಅದರ ಮುಂದೆ ನಿಂತು ಇದು ಯಾವ ಬೀಗದ್ದು ಹೇಳಪ್ಪ ಎಂದು ಪೀಡಿಸುವಳು. ಭಾವ ಗಂಭೀರವಾಗಿ ಇದು ಸುಳ್ಳುಗಾರನ ಟ್ರಂಕಿನದು, ಇದು ಹೆದರುಪುಕ್ಕಲನ ಬಚ್ಚಲಿನದು ಎನ್ನುವರು. ಅವರು ಕತೆ ಕಟ್ಟುತ್ತಿದ್ದದ್ದು ಮಗಳ ಮುಂದೆ ಮಾತ್ರ.

ಗುಟ್ಟಪ್ಪನಿಗೆ ಈ ವಿಷಯ ಯಾರೋ ಹೇಳಿದರು. ಅವನು ಒಂದು ವಾರ ಕತ್ತರಿಯ ಕುರ್ಚಿಯ ಹಿಂದೆ ಸುತ್ತಿದ. ಅವಳು ಸುತರಾಂ ಒಪ್ಪಲಿಲ್ಲ. ಕೊನೆಗೆ ಒಪ್ಪಿದ್ದು ಅಕ್ಕ.

"ಜನ ನೋಡ್ತಾರೆ ತಾನೆ? ಎಲ್ಲಾ ಕಡೆ ನೋಡ್ತಾರೆ ತಾನೆ?" ಎಂದು ಅಕ್ಕ ಕೇಳಿದಳು. "ಯಾರೋ ಒಬ್ಬರು ಅವಳನ್ನ ನೋಡಿರ್ತಾರೆ ಕಣೆ. ಬಸ್ಸಲ್ಲೋ ರಸ್ತೇಲೋ, ಎಲ್ಲೋ ಒಂದು ಕಡೆ. ಅವರು ಒಂದು ಫೋನ್ ಮಾಡಿದ್ರೆ ಸಾಕು."

"ಅಕ್ಕ, ನಮ್ಮ ಆಫೀಸಿನವರು ಹೇಗೆ ಅಂತ ನಿನಗೆ ಗೊತ್ತಿಲ್ಲ."

"ಅವರು ಹೇಗಾದ್ರೂ ಇರ್ಲಿ. ಜೋಡಿಸೋಳು ನೀನು ತಾನೆ? ನೀನು ಜೋಡಿಸ್ತೀಯ ಅಂದ್ರೆ ನನಗೆ ಭಯ ಇಲ್ಲ. ನಿಮ್ಮ ಭಾವನಿಗೆ ಏನೂ ಆಗದ ಹಾಗೆ ನೋಡ್ಕೋ, ಅಷ್ಟೇ. ಅವಳನ್ನ ಕೊನೇಲಿ ನೋಡಿದ್ದು ಅವರೇ ಅಂತ ಜನ ಮೊದಲೇ ಒಂಥರಾ ನೋಡ್ತಾರೆ. ನನಗೆ ಉಳಿದಿರೋದು ಅವರೊಬ್ಬರೇ."

ಕತ್ತರಿ ಮಾತು ಕೊಟ್ಟಳು. ಕೊಡುವಾಗ ಮನಸ್ಸಿನಿಂದಲೇ ಕೊಟ್ಟಳು, ಅದರಲ್ಲಿ ಎರಡು ಮಾತಿಲ್ಲ.

ಚಿತ್ರೀಕರಣದ ದಿನ ಭಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಿಟಕಿಯ ಪಕ್ಕ ಕೂತರು. ಸದ್ದಣ್ಣ ಫ್ಯಾನು ಆರಿಸಿ, ಅರ್ಧ ನಿಮಿಷ ಯಾರೂ ಉಸಿರೆತ್ತಬೇಡಿ ಎಂದ. ಅಕ್ಕ ತಂಗಿ ಇಬ್ಬರೂ ಅಡುಗೆಮನೆಯ ಬಾಗಿಲು ಮುಚ್ಚಿಕೊಂಡು ಒಳಗಿದ್ದರು. ಆಮೇಲೆ ಪ್ರಶ್ನೆಗಳು ಶುರುವಾದವು. ಅವತ್ತು ಬೆಳಿಗ್ಗೆ ನಿಮ್ಮಿಬ್ಬರ ಮಧ್ಯೆ ಏನಾದರೂ ಜಗಳ ಆಗಿತ್ತಾ ಎಂದು ಗುಟ್ಟಪ್ಪ ಪಿಸುಗುಟ್ಟಿದ. ಪ್ರಶ್ನೆ ಮುಗಿಯುವ ಮೊದಲೇ ಭಾವ, "ಇಲ್ಲ ಇಲ್ಲ. ಹೆಲ್ಮೆಟ್ ಹಾಕ್ಕೋ ಅಂದೆ, ಕೂದಲು ಹಾಳಾಗುತ್ತೆ ಅಂದ್ಲು. ಅಷ್ಟೇ" ಎಂದರು. ಅವರ ಮಟ್ಟಿಗೆ ಅದು ದೊಡ್ಡ ಭಾಷಣವೇ ಸರಿ.

ಕತ್ತರಿ ಜೋಡಿಸಿದ ಮೊದಲ ಪ್ರತಿ ನೋಡಿ ಗುಟ್ಟಪ್ಪ ಮುಖ ಸಿಂಡರಿಸಿದ.

"ಇದೇನಿದು? ನಿಮ್ಮಕ್ಕ ಅಳ್ತಾರೆ, ನಿಮ್ಮ ಭಾವ ಕೀಲಿ ತೋರಿಸ್ತಾರೆ. ಇದನ್ನ ಯಾರು ಕೊನೇತನಕ ನೋಡ್ತಾರೆ? ಫೋನ್ ನಂಬರ್ ಬರೋದು ಕೊನೇಲಿ. ಅಷ್ಟು ಹೊತ್ತಿಗೆ ಜನ ಬೇರೆ ಚಾನೆಲ್‌ಗೆ ಹೋಗಿರ್ತಾರೆ. ನಿಮ್ಮಕ್ಕನಿಗೆ ಬೇಕಾಗಿರೋದು ಆ ಫೋನ್ ತಾನೆ?" ಎಂದು ಹೇಳಿ ಊಟಕ್ಕೆ ಹೋದ.

ಅವನು ದುಷ್ಟನೇನಲ್ಲ, ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ಕತ್ತರಿಯನ್ನು ಕೆಡಿಸಿದ್ದು ಅದೇ. ಅವಳು ಪರದೆಯನ್ನು ನೋಡುತ್ತ ಕೂತಳು. ಫೋನು ಎತ್ತಿಕೊಳ್ಳುವ ಅಕ್ಕನ ಕೈ ಕಣ್ಣ ಮುಂದೆ ಬಂತು. ನೋಡನೋಡುತ್ತಿದ್ದಂತೆ ಅವಳ ಬೆರಳು ಭಾವನ ಆ ಅರ್ಧ ನಿಮಿಷವನ್ನು ಎತ್ತಿ ತಂದು ಪ್ರಶ್ನೆಯ ಬೆನ್ನಿಗೇ ಇಟ್ಟಿತು. ಏಕಿಷ್ಟು ಸುಲಭ ಎಂದು ಅವಳಿಗೇ ಗಾಬರಿಯಾಯಿತು. ಜಗಳ ಆಗಿತ್ತಾ? ಭಾವ ನೆಲ ನೋಡಿದರು. ಗಂಟಲು ಏರಿ ಇಳಿಯಿತು. ಅಂಗೈ ಮೊಣಕಾಲಿನ ಮೇಲೆ ಹೋಗಿ ಬಂತು. ಆಮೇಲೆ, ಇಲ್ಲ ಇಲ್ಲ. ಅದರ ಹಿಂದೆಯೇ ಲಿಫ್ಟಿನ ಬಾವಿಯ ಕತ್ತಲು, ಹಲಗೆಯ ತುಂಬ ಯಾರದೋ ಕೀಲಿಗಳು. ಅವಳ ಮೈ ಜುಮ್ಮೆಂದಿತು. ಚೆನ್ನಾಗಿ ಬಂದಿತ್ತು ಎಂಬುದು ಅವಳಿಗೆ ಗೊತ್ತಾಯಿತು. ನಾಚಿಕೆಗಿಂತ ಒಂದು ಗಳಿಗೆ ಮುಂಚೆ ಅವಳಿಗಾದದ್ದು ಹೆಮ್ಮೆ.

ನೊಂದ ತಂದೆ ಮಾತು ಬಾರದೆ ಕೂತಿದ್ದಾನೆ ಎಂದೇ ಎಲ್ಲರೂ ತಿಳಿಯುತ್ತಾರೆ ಎಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಇಷ್ಟು ವರ್ಷ ಈ ಕೆಲಸ ಮಾಡಿದವಳು ಅದನ್ನು ನಂಬಿದಳು ಎಂದರೆ ನಂಬುವುದು ಕಷ್ಟ. ಆದರೂ ನಂಬಿದಳು, ಏಕೆಂದರೆ ಆಗ ಅವಳಿಗೆ ಹಾಗೆ ನಂಬುವುದು ಬೇಕಿತ್ತು.

ಪ್ರಸಾರವಾದ ಸಂಜೆ ಆಫೀಸಿನ ಫೋನುಗಳು ಒಂದೇ ಸಮನೆ ಹೊಡೆದುಕೊಂಡವು. ಗುಬ್ಬಿಯನ್ನು ಕಂಡವರು ಅದರಲ್ಲಿ ಒಬ್ಬರೂ ಇರಲಿಲ್ಲ. ಅಪ್ಪನನ್ನು ಇನ್ನೂ ಯಾಕೆ ಹಿಡಿದಿಲ್ಲ ಎಂದು ಕೇಳುವವರೇ ಎಲ್ಲ. ಲಿಫ್ಟಿನ ಬಾವಿಗಳನ್ನು ಅಗೆಸಿ ಎಂದರು. ಆ ಕೀಲಿಗಳು ಯಾರ ಮನೆಯವು ಕೇಳಿ ಎಂದರು. ಒಬ್ಬಾಕೆ ತನಗೆ ಮುಖ ನೋಡಿದರೆ ಸಾಕು ಗೊತ್ತಾಗುತ್ತದೆ ಎಂದು ಅರ್ಧ ಗಂಟೆ ಲೈನು ಹಿಡಿದುಕೊಂಡಳು. ಬಸ್ ನಿಲ್ದಾಣದಲ್ಲಿ ಗುಬ್ಬಿಯನ್ನು ನಿಜಕ್ಕೂ ಕಂಡಿದ್ದ ಯಾರಾದರೂ ಆ ಹೊತ್ತಿನಲ್ಲಿ ಕರೆ ಮಾಡಿದ್ದರೆ ಅವರಿಗೆ ಎಂಗೇಜ್ ಬಂದಿರುತ್ತಿತ್ತು.

ಮಾರನೆಯ ದಿನ ಭಾವ ತಾವಾಗಿಯೇ ಫೋನ್ ಮಾಡಿದರು. ಹಿಂದೆಂದೂ ಮಾಡಿದವರಲ್ಲ.

"ನಾನು ಅಷ್ಟು ಹೊತ್ತು ಸುಮ್ನಿದ್ನಾ ಕಣಮ್ಮ? ನನಗೆ ನೆನಪೇ ಇಲ್ಲ. ತಕ್ಷಣ ಹೇಳ್ದೆ ಅಂದ್ಕೊಂಡಿದ್ದೆ." ಆಮೇಲೆ ತಾವೇ, "ಇರಬಹುದು. ಟೀವೀಲೇ ಬಂತಲ್ಲ" ಎಂದರು.

ಇಲ್ಲ ಭಾವ, ಅದು ನಾನು ಮಾಡಿದ್ದು ಎಂದು ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇನ್ನೊಂದು ಬರಲಾರದು. ಅವಳು ಮೀಟಿಂಗಿದೆ, ಆಮೇಲೆ ಮಾತಾಡ್ತೀನಿ ಎಂದು ಫೋನಿಟ್ಟಳು. ಇಟ್ಟ ಮೇಲೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಅತ್ತಳು. ಅತ್ತು ಬಂದು ಮುಂದಿನ ಎಪಿಸೋಡಿನ ಕೆಲಸಕ್ಕೆ ಕೂತಳು.

ಪೊಲೀಸರು ಎರಡು ಕಟ್ಟಡಗಳಲ್ಲಿ ಲಿಫ್ಟಿನ ತಳ ತೆಗೆಸಿ ನೋಡಿದರು. ಜನರ ಬಾಯಿ ಮುಚ್ಚಿಸೋಕೆ ಅಷ್ಟೇ, ಬೇಜಾರಾಗಬೇಡಿ ಎಂದು ಭಾವನಿಗೆ ಮರ್ಯಾದೆಯಿಂದಲೇ ಹೇಳಿದರು. ಸಿಕ್ಕಿದ್ದು ಒಂದು ಮಗುವಿನ ಚಪ್ಪಲಿ, ಜಂಗು ಹಿಡಿದ ಚಮಚ, ಕೆಲವು ಕೀಲಿ. ಆದರೆ ಗುಂಡಿಯ ಸುತ್ತ ನಿಂತವರ ಫೋನುಗಳಲ್ಲಿ ಆ ಚಪ್ಪಲಿ ಮಾತ್ರ ಊರು ಸುತ್ತಿತು. ಒಂದೊಂದೇ ಕಟ್ಟಡದವರು ಭಾವನನ್ನು ಕರೆಯುವುದು ಬಿಟ್ಟರು. ಇಪ್ಪತ್ತು ವರ್ಷ ಅವರ ಕೈಯಲ್ಲಿ ತಮ್ಮ ಪ್ರಾಣ ಇಟ್ಟು ಮೇಲೆ ಕೆಳಗೆ ಓಡಾಡಿದ ಜನ ಮೆಟ್ಟಿಲು ಹತ್ತತೊಡಗಿದರು. ಇಷ್ಟಾದರೂ ಭಾವ ತಡೆದುಕೊಂಡರು. ಅಕ್ಕ ಜೊತೆಗಿದ್ದಳಲ್ಲ.

ಆಮೇಲೆ ಒಂದು ಮಧ್ಯಾಹ್ನ ಅಕ್ಕ ಫೋನ್ ಮಾಡಿದಳು. ದನಿ ತಗ್ಗಿತ್ತು, ಪಕ್ಕದ ಕೋಣೆಯಲ್ಲಿ ಯಾರೋ ಮಲಗಿರುವಾಗ ಮಾತಾಡುವ ದನಿ.

"ಒಂದು ಮಾತು ಕೇಳ್ತೀನಿ, ಬೈಬೇಡ. ಅವರು ಯಾಕೆ ಅಷ್ಟು ಹೊತ್ತು ಸುಮ್ನಿದ್ರು?"

ಕತ್ತರಿ ಫೋನಿಟ್ಟು ಎದ್ದಳು. ಮೂಲ ಚಿತ್ರೀಕರಣದ ಹಾರ್ಡ್ ಡಿಸ್ಕನ್ನು ಯಾರನ್ನೂ ಕೇಳದೆ ಚೀಲಕ್ಕೆ ಹಾಕಿಕೊಂಡು ಸೀದಾ ಅಕ್ಕನ ಮನೆಗೆ ಹೋದಳು. ಅಕ್ಕನನ್ನೂ ಭಾವನನ್ನೂ ಲ್ಯಾಪ್‌ಟಾಪಿನ ಮುಂದೆ ಕೂರಿಸಿದಳು. ಒಂದನ್ನೂ ಮುಚ್ಚಿಡಲಿಲ್ಲ. ನಾನೇ ಮಾಡಿದೆ, ಜನ ನೋಡಲಿ ಅಂತ ಮಾಡಿದೆ, ಮಾಡಬಾರದಿತ್ತು ಎಂದಳು. ಆಮೇಲೆ ಚಿತ್ರ ಓಡಿಸಿದಳು. ಪರದೆಯ ಮೇಲೆ ಸದ್ದಣ್ಣನ ದನಿ: ಅರ್ಧ ನಿಮಿಷ ಯಾರೂ ಉಸಿರೆತ್ತಬೇಡಿ. ಭಾವ ನೆಲ ನೋಡಿದರು, ಎಂಜಲು ನುಂಗಿದರು, ಮೊಣಕಾಲು ಸವರಿಕೊಂಡರು. ಆಯ್ತು ಥ್ಯಾಂಕ್ಸ್ ಎಂದ ಸದ್ದಣ್ಣ. ಇನ್ನೂ ಮುಂದಕ್ಕೆ ಓಡಿಸಿದಳು. ಜಗಳ ಆಗಿತ್ತಾ? ಇಲ್ಲ ಇಲ್ಲ, ಹೆಲ್ಮೆಟ್ ಹಾಕ್ಕೋ ಅಂದೆ.

ಭಾವನ ಮುಖ ಅರಳಿತು. ಬೈಯಲಿಲ್ಲ, ರೇಗಲಿಲ್ಲ. ಹೆಂಡತಿಯ ಕಡೆ ತಿರುಗಿ, "ನೋಡು, ತಕ್ಷಣ ಹೇಳಿದ್ದೀನಿ. ನಾನು ಹೇಳ್ಲಿಲ್ವಾ, ನನಗೆ ಹಾಗೇ ನೆನಪು ಅಂತ" ಎಂದರು. ಪರೀಕ್ಷೆಯಲ್ಲಿ ಪಾಸಾದ ಹುಡುಗನ ಸಂತೋಷ ಅದರಲ್ಲಿತ್ತು. ಕತ್ತರಿಗೆ ಅದನ್ನು ನೋಡಲಾಗಲಿಲ್ಲ.

ಅಕ್ಕ, ಮೊದಲಿಂದ ಹಾಕು ಎಂದಳು. ಹಾಕಿದಳು. ಇನ್ನೊಂದು ಸಲ ಎಂದಳು. ಸುಮ್ಮನೆ ಕೂತ ಭಾಗ ಬಂದಾಗ ನಿಲ್ಲಿಸು ಎಂದಳು. ಭಾವನ ಮುಖ ಪರದೆಯ ಮೇಲೆ ನಿಂತಿತು, ಕಣ್ಣು ಕೆಳಗೆ.

"ಈ ಮುಖ ಇವರದೇ ತಾನೆ? ನೀನೇನೂ ಮಾಡಿದ್ದಲ್ಲವಲ್ಲ?"

"ಅಕ್ಕ, ಅದು ಸುಮ್ನೆ ಕೂತಿರೋದು. ಪ್ರಶ್ನೇನೇ ಕೇಳಿರ್ಲಿಲ್ಲ ಆಗ."

"ಗೊತ್ತಾಯ್ತು. ನೀನು ಜಾಗ ಬದಲಾಯಿಸಿದ್ದೀಯ, ಮುಖ ಬದಲಾಯಿಸಿಲ್ಲ." ಅಕ್ಕ ಗಂಡನ ಕಡೆ ನೋಡದೆ ಪರದೆಯನ್ನೇ ನೋಡುತ್ತ ಕೇಳಿದಳು. "ಏನು ಯೋಚಿಸ್ತಿದ್ರಿ ಆಗ?"

ಭಾವ ಪ್ರಾಮಾಣಿಕವಾಗಿ ನೆನಪಿಸಿಕೊಳ್ಳಲು ಹೊರಟರು. ಒಂದು ಸುಳ್ಳು ಹೇಳಿದ್ದರೆ, ಗುಬ್ಬಿಯನ್ನು ನೆನೆಯುತ್ತಿದ್ದೆ ಎಂದಿದ್ದರೆ, ಅಲ್ಲಿಗೆ ಮುಗಿಯುತ್ತಿತ್ತು. ಆ ಮನುಷ್ಯನಿಗೆ ಅದು ತಿಳಿಯಲಿಲ್ಲ.

"ಏನಿಲ್ಲ. ಫ್ಯಾನ್ ಆರಿಸಿದ್ರಲ್ಲ. ಏನು ಸೆಕೆ ಅಂತ ಅಂದ್ಕೊಳ್ತಿದ್ದೆ."

ಅಕ್ಕ ಮೆಲ್ಲಗೆ ಅವರ ಕಡೆ ತಿರುಗಿದಳು. "ಮಗಳ ವಿಷಯ ಕೇಳೋಕೆ ಬಂದಿದ್ದಾರೆ. ನಿಮಗೆ ಸೆಕೆ."

ಅಕ್ಕ ಎದ್ದು ಅಡುಗೆಮನೆಗೆ ಹೋದಳು. ಏಳು ವರ್ಷ ಅವಳು ಎಲ್ಲೆಲ್ಲೋ ಹುಡುಕಿ ಸೋತಿದ್ದಳು. ಈಗ ಹುಡುಕಲು ಒಂದು ಜಾಗ ಸಿಕ್ಕಿತ್ತು, ಮನೆಯೊಳಗೇ, ಗಂಡನ ಮುಖದಲ್ಲೇ, ಕೈಗೆಟಕುವಷ್ಟು ಹತ್ತಿರ. ಅದನ್ನು ಬಿಟ್ಟುಕೊಡು ಎಂದು ಯಾವ ಬಾಯಿಂದ ಹೇಳುವುದು?

ಕತ್ತರಿ ಕೆಲಸ ಬಿಟ್ಟಳು. ಬಿಡುವ ಮೊದಲು ಗುಟ್ಟಪ್ಪನ ಕೊರಳಪಟ್ಟಿ ಹಿಡಿಯುವುದೊಂದು ಬಾಕಿ, ಅಷ್ಟು ಜಗಳವಾಡಿ ಆ ಮೌನವನ್ನು ತೆಗೆಸಿ ಇಂಟರ್‌ನೆಟ್ಟಿನಲ್ಲಿ ಹೊಸ ಪ್ರತಿ ಹಾಕಿಸಿದಳು. ಅದರಿಂದ ಏನೂ ಒಳ್ಳೆಯದಾಗಲಿಲ್ಲ. ಹಳೆಯ ಮೌನವನ್ನು ಜನ ಆಗಲೇ ಇಳಿಸಿಕೊಂಡು, ಸಂಗೀತ ಸೇರಿಸಿ, ನಿಧಾನಗತಿಯಲ್ಲಿ ಒಬ್ಬರಿಗೊಬ್ಬರು ಕಳಿಸುತ್ತಿದ್ದರು. ಹೊಸದರಲ್ಲಿ ಅದನ್ನು ತೆಗೆದದ್ದು ಯಾಕೆ, ಯಾರನ್ನು ಉಳಿಸಲು ಎಂದು ಕೇಳುವವರು ಹುಟ್ಟಿಕೊಂಡರು. ಅವಳು ಅಳಿಸಲು ಹೋದದ್ದೇ ಇನ್ನೊಂದು ರಹಸ್ಯವಾಯಿತು. ಈಗ ಅವಳು ಪಾತ್ರೆ ತೊಳೆಯುವ ಯಂತ್ರದ ಜಾಹೀರಾತು ಜೋಡಿಸುತ್ತಾಳೆ. ಅದರಲ್ಲಿ ಮನುಷ್ಯರ ಮುಖ ಇರುವುದಿಲ್ಲ.

ಬಹಳ ದಿನ ಅಕ್ಕನ ಮನೆಗೆ ಹೋಗಲು ಅವಳಿಗೆ ಧೈರ್ಯ ಬರಲಿಲ್ಲ. ಹೋದ ದಿನ ಬಾಗಿಲು ತೆಗೆದದ್ದು ಭಾವ, ತೆಗೆಯುವಾಗಲೇ ಮಾತಾಡುತ್ತಿದ್ದರು.

"ಬಾ ಬಾ, ಚಪ್ಪಲಿ ಅಲ್ಲೇ ಬಿಡು, ಇಲ್ಲ ಒಳಗೇ ಬಿಡು, ಹೊರಗೆ ಧೂಳು, ರಸ್ತೆ ಅಗೀತಿದ್ದಾರೆ ನೋಡು, ಪೈಪು ಹಾಕ್ತಾರಂತೆ, ಹೋದ ಸಲ ಹಾಕಿದ್ದು ಇಷ್ಟಗಲ, ಈ ಸಲ ಇನ್ನೂ ದೊಡ್ಡದು..."

ಕತ್ತರಿ ತಬ್ಬಿಬ್ಬಾದಳು. ಭಾವ ನಿಲ್ಲಿಸಲೇ ಇಲ್ಲ. ಪೈಪು ಮುಗಿದು ನೆಗಡಿ ಬಂತು, ನೆಗಡಿ ಮುಗಿದು ಲಿಫ್ಟಿನ ಹಗ್ಗದಲ್ಲಿ ಎಷ್ಟು ಎಳೆಗಳಿರುತ್ತವೆ, ಸವೆದರೆ ಹೇಗೆ ಗೊತ್ತಾಗುತ್ತದೆ ಎಂಬುದು ಬಂತು. ಉಸಿರು ತೆಗೆದುಕೊಳ್ಳುವಾಗಲೂ ಆಂ, ಮತ್ತೆ, ಏನಂದೆ ಎನ್ನುತ್ತ ಜಾಗ ತುಂಬುತ್ತಿದ್ದರು. ಅಕ್ಕ ಬೆನ್ನು ಹಾಕಿಕೊಂಡು ಚಹಾ ಮಾಡುತ್ತಿದ್ದಳು. ಲೋಟ ತಂದಿಡುವಾಗ ಗಂಡನ ಮುಖವನ್ನು ಒಮ್ಮೆ ನೋಡಿದಳು, ಲ್ಯಾಪ್‌ಟಾಪಿನ ಪರದೆಯನ್ನು ನೋಡಿದ್ದಳಲ್ಲ, ಹಾಗೆ. ಭಾವನ ಮಾತು ಇನ್ನೂ ಜೋರಾಯಿತು. ಹಲಗೆಯ ಮೇಲೆ ಕೀಲಿಗಳಿರಲಿಲ್ಲ, ಬರೀ ಮೊಳೆಗಳಿದ್ದವು.

"ಇಷ್ಟು ಮಾತಾಡೋರೇ ಅಲ್ಲ" ಎಂದು ಅಕ್ಕ ತಂಗಿಗೆ ಮೆಲ್ಲಗೆ ಹೇಳಿದಳು. "ಮನಸ್ಸಲ್ಲಿ ಏನೂ ಇಲ್ದಿದ್ರೆ ಮನುಷ್ಯ ಹೀಗ್ಯಾಕೆ ಆಡ್ತಾನೆ ಹೇಳು."

ಹೊರಡುವಾಗ ಭಾವ ಕೆಳಗಿನವರೆಗೆ ಬರುತ್ತೇನೆಂದು ಚಪ್ಪಲಿ ಮೆಟ್ಟಿದರು. ಆ ಕಟ್ಟಡದ ಲಿಫ್ಟಿನೊಳಗೆ ಅವರಿಬ್ಬರೇ. ಬಾಗಿಲು ಮುಚ್ಚಿತು, ಮಾತು ನಿಲ್ಲಲಿಲ್ಲ. ಕತ್ತರಿ ಅವರ ಕೈ ಹಿಡಿದುಕೊಂಡಳು.

"ಭಾವ, ಸಾಕು. ಯಾಕೆ ಹೀಗೆ?"

"ಸುಮ್ನಾದ್ರೆ ಅವಳು ನನ್ನ ಮುಖ ನೋಡ್ತಾಳೆ ಕಣಮ್ಮ" ಎಂದರು ಭಾವ. "ಊಟ ಮಾಡುವಾಗ, ಹಲ್ಲು ತಿಕ್ಕುವಾಗ ನೋಡ್ತಾಳೆ. ನಿದ್ದೇಲಿ ನಾನು ಸುಮ್ನಿರ್ತೀನಲ್ಲ, ಆಗ್ಲೂ ಕೂತು ನೋಡ್ತಾಳೆ."

"ಇಲ್ಲಿ ಅಕ್ಕ ಇಲ್ಲ. ನಾನೊಬ್ಬಳೇ ಇರೋದು. ನನಗೆ ನಿಜ ಗೊತ್ತು. ನನ್ನ ಮುಂದೆ ಸುಮ್ನಿರಿ."

ಭಾವನ ಭುಜ ಇಳಿಯಿತು. ಎಷ್ಟೋ ದಿನದ ಉಸಿರು ಹೊರಬಿತ್ತು. ಅವರು ಸುಮ್ಮನಾದರು. ಲಿಫ್ಟಿನ ಸಣ್ಣ ಫ್ಯಾನು ತಿರುಗುವುದು, ಮೇಲೆಲ್ಲೋ ಹಗ್ಗ ಜಾರುವುದು ಕೇಳಿಸಿತು. ಭಾವ ನೆಲ ನೋಡಿದರು. ಗಂಟಲು ಏರಿ ಇಳಿಯಿತು. ಕೈ ಪ್ಯಾಂಟಿನ ಮೇಲೆ ಹೋಗಿ ಬಂತು. ಕತ್ತರಿಗೆ ಆ ಮುಖ ಬಾಯಿಪಾಠವಿತ್ತು, ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬುದೂ ಗೊತ್ತಿತ್ತು. ಅಳು ಬರುತ್ತದೆ ಎಂದುಕೊಂಡಳು, ಬರಲಿಲ್ಲ. ಅವಳು ನೋಡುತ್ತಿದ್ದಳು. ಅವತ್ತು ಬೆಳಿಗ್ಗೆ ನಿಮ್ಮಿಬ್ಬರ ಮಧ್ಯೆ ಜಗಳ ಆಗಿತ್ತಾ ಎಂಬ ಪ್ರಶ್ನೆ, ಯಾರೂ ಕರೆಯದೆ, ತಾನಾಗಿಯೇ ಬಂದು ಆ ಮುಖದ ಹಿಂದೆ ನಿಂತಿತು. ಬೇಡ ಬೇಡ ಎಂದರೂ ಅವಳಿಗೆ ಕಣ್ಣು ಕೀಳಲಾಗಲಿಲ್ಲ.

ಭಾವ ತಲೆಯೆತ್ತಿದರು. ಅವಳು ನೋಡುತ್ತಿರುವುದನ್ನು ನೋಡಿದರು. ಕೈ ಬಿಡಿಸಿಕೊಂಡರು.

"ಈ ಲಿಫ್ಟಿಗೆ ಎಣ್ಣೆ ಬಿಟ್ಟು ತುಂಬಾ ದಿನ ಆಯ್ತು ಕಣಮ್ಮ" ಎಂದು ಮತ್ತೆ ಶುರುಮಾಡಿದರು. "ಬಾಗಿಲು ನೋಡು, ಹೇಗೆ ಸದ್ದು ಮಾಡುತ್ತೆ..."